ಸಂಭ್ರಮದ ಟೇಬಲ್ ಬಾಯಿ ಬಿಡುವುದಿಲ್ಲ

ದುಬಾರಿ ರೆಸ್ಟೊರೆಂಟಿಗೆ ಇಬ್ಬರು ಸುಮ್ಮನೆ ಊಟಕ್ಕೆ ಹೋದಾಗ ಸೂಪ್ ತಣ್ಣಗೆ ಬಂದರೆ ಹೇಳುವುದು ಸುಲಭ. ಸರ್ವರ್‌ನ್ನು ಕರೆದು ಬಿಸಿ ಮಾಡಿ ತನ್ನಿ ಎಂದರೆ ಮುಗಿಯಿತು. ಅದೇ ಸೂಪ್ ಅಮ್ಮನ ಹುಟ್ಟುಹಬ್ಬಕ್ಕೆಂದು 12 ಜನ ಸೇರಿದ ಟೇಬಲ್ಲಿಗೆ ತಣ್ಣಗೆ ಬಂದಾಗ ಯಾರೂ ಉಸಿರೆತ್ತುವುದಿಲ್ಲ. ಹೇಳಿದರೆ ಅಮ್ಮನ ಮುಖ ಸಪ್ಪಗಾಗುತ್ತದೆ, ಜಾಗ ಆರಿಸಿದ ಮಗಳಿಗೆ ಮುಜುಗರವಾಗುತ್ತದೆ, ನಡೆಯುತ್ತಿದ್ದ ಮಾತು ಅಲ್ಲಿಗೇ ಕಡಿದುಹೋಗುತ್ತದೆ. ಹೇಳದೆ ಇದ್ದರೆ ಸಂಜೆಯೆಲ್ಲ ಬಿಸಿ ತುಪ್ಪ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ. ಹೆಚ್ಚಿನವರು ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ. ಸರ್ವರ್ ಬಂದು "ಎಲ್ಲ ಚೆನ್ನಾಗಿದೆಯಾ?" ಎಂದು ಕೇಳಿದಾಗ 12 ತಲೆಗಳೂ ಹೌದೆಂದು ಆಡುತ್ತವೆ. ಅವರು ನೆಮ್ಮದಿಯಿಂದ ಮುಂದಿನ ಟೇಬಲ್ಲಿಗೆ ಹೋಗುತ್ತಾರೆ.

ವಿಶೇಷ ದಿನದ ಊಟ ಕೆಟ್ಟಾಗ ಅದು ಸರಿಹೋಗದೆ ಉಳಿಯುವುದು ಈ ಮೌನದಿಂದ. ತಪ್ಪುಗಳು ಬೇರೆ ದಿನಗಳಲ್ಲೂ ಆಗುತ್ತವೆ. ಆದರೆ ಬೇರೆ ದಿನ ಅತಿಥಿ ಬಾಯಿ ಬಿಟ್ಟು ಹೇಳುತ್ತಾರೆ, ಅಡುಗೆಮನೆ ಸರಿಪಡಿಸುತ್ತದೆ. ಸಂಭ್ರಮದ ದಿನ ದೂರು ಹೇಳುವುದೇ ಸಂಭ್ರಮಕ್ಕೆ ಪೆಟ್ಟು. ಹಾಗಾಗಿ ಒಂದು ತಪ್ಪಿನ ಮೇಲೆ ಇನ್ನೊಂದು ಕೂರುತ್ತಾ ಹೋಗುತ್ತದೆ, ಮತ್ತು ರೆಸ್ಟೊರೆಂಟಿಗೆ ಸುದ್ದಿ ತಲುಪುವ ಹೊತ್ತಿಗೆ ಅತಿಥಿಗಳು ಮನೆ ಸೇರಿರುತ್ತಾರೆ.

ತಪ್ಪುಗಳು ಎಲ್ಲಿ ಹುಟ್ಟುತ್ತವೆ ಎಂಬುದನ್ನು ಮೊದಲು ನೋಡೋಣ. ಅವುಗಳಲ್ಲಿ ಬಹುಪಾಲು ಅತಿಥಿ ಕುರ್ಚಿಯಲ್ಲಿ ಕೂರುವ ಮೊದಲೇ ನಡೆದುಹೋಗಿರುತ್ತವೆ.

ಬುಕಿಂಗ್ ಮಾಡುವಾಗ ನೀವು ಫೋನಿನಲ್ಲಿ ಹೇಳಿದ ಮಾತು ಟೇಬಲ್ ತಲುಪಲು ಕನಿಷ್ಠ ನಾಲ್ಕು ಕೈ ದಾಟಬೇಕು. ಫೋನ್ ಎತ್ತಿದವರು ಅದನ್ನು ಬುಕಿಂಗ್ ವ್ಯವಸ್ಥೆಯ ಟಿಪ್ಪಣಿಯಲ್ಲಿ ಬರೆಯಬೇಕು. ಆ ದಿನ ಬಾಗಿಲಲ್ಲಿ ನಿಂತವರು ಅದನ್ನು ಓದಬೇಕು. ಸಂಜೆಯ ಕೆಲಸ ಶುರುವಾಗುವ ಮುನ್ನ ನಡೆಯುವ 10–15 ನಿಮಿಷದ ಬ್ರೀಫಿಂಗಿನಲ್ಲಿ ಕ್ಯಾಪ್ಟನ್, ಅಂದರೆ ಸರ್ವರ್‌ಗಳ ಮೇಲ್ವಿಚಾರಕರು, ಅದನ್ನು ಸರ್ವರ್‌ಗಳಿಗೆ ಹೇಳಬೇಕು. ಅಲ್ಲಿಂದ ಅಡುಗೆಮನೆಗೆ ಹೋಗಬೇಕು. ಆ್ಯಪ್ ಮೂಲಕ ಬುಕ್ ಮಾಡಿದರೆ ಇನ್ನೊಂದು ಕೈ ಸೇರುತ್ತದೆ; ಆ್ಯಪಿನಲ್ಲಿ ಬರೆದ ಉದ್ದನೆಯ ಸೂಚನೆ ರೆಸ್ಟೊರೆಂಟಿನ ಪರದೆಯಲ್ಲಿ ಮೊದಲ ಸಾಲಿಗೆ ಕತ್ತರಿಸಿ ಕಾಣಿಸುವುದುಂಟು. "ಅಪ್ಪ-ಅಮ್ಮನ ಮದುವೆಯ ನಲವತ್ತನೇ ವರ್ಷ, ಅವರಿಗೆ ಗೊತ್ತಿಲ್ಲ, ಕಿಟಕಿಯ ಪಕ್ಕ ಬೇಕು, ಅಮ್ಮನಿಗೆ ಕಡಲೆಕಾಯಿ ಆಗುವುದಿಲ್ಲ, ಕೇಕ್ ನಾವೇ ತರುತ್ತೇವೆ, ಬಿಲ್ ನನಗೆ ಕೊಡಿ" ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ದಾಖಲಾಗುವುದು "ವಾರ್ಷಿಕೋತ್ಸವ, ಕಿಟಕಿ" ಇಷ್ಟೇ. ಕಡಲೆಕಾಯಿ ಕಳೆದುಹೋಯಿತು. ಅವರಿಗೆ ಗೊತ್ತಿಲ್ಲ ಎಂಬುದೂ ಕಳೆದುಹೋಯಿತು, ಬಾಗಿಲಲ್ಲೇ ಯಾರೋ ನಗುಮುಖದಿಂದ "ವಾರ್ಷಿಕೋತ್ಸವದ ಶುಭಾಶಯಗಳು" ಎಂದುಬಿಡುತ್ತಾರೆ.

ಇದಕ್ಕೆ ಇರುವ ಮದ್ದು ಸರಳ, ಆದರೆ ಮಾಡುವವರು ಕಡಿಮೆ. ಬುಕ್ ಮಾಡಿದ ಮೇಲೆ ಎರಡು ದಿನ ಮೊದಲು ಒಮ್ಮೆ, ಅದೇ ದಿನ ಇನ್ನೊಮ್ಮೆ ಫೋನ್ ಮಾಡಬೇಕು. ಅದೇ ದಿನದ ಫೋನ್ ಮಧ್ಯಾಹ್ನದ ಊಟ ಮುಗಿದು ರಾತ್ರಿಯದು ಶುರುವಾಗುವ ಮುನ್ನ, ಸುಮಾರು ಮೂರೂವರೆಯಿಂದ ಐದರೊಳಗೆ ಇರಲಿ. ಉಳಿದ ಹೊತ್ತಿನಲ್ಲಿ ಫೋನ್ ಎತ್ತುವವರ ಗಮನ ಬಾಗಿಲಲ್ಲಿ ನಿಂತವರ ಮೇಲಿರುತ್ತದೆ. "ನಮ್ಮ ಬುಕಿಂಗ್ ಇದೆಯಲ್ಲಾ?" ಎಂದು ಕೇಳಿದರೆ "ಇದೆ" ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. "ನಮ್ಮ ಹೆಸರಿನ ಮುಂದೆ ಏನು ಬರೆದಿದೆ, ಸ್ವಲ್ಪ ಓದಿ ಹೇಳುತ್ತೀರಾ?" ಎಂದು ಕೇಳಿ. ಆಗ ಏನು ಕಳೆದಿದೆ ಎಂಬುದು ನಿಮಗೂ ಗೊತ್ತಾಗುತ್ತದೆ, ಅವರಿಗೂ ಗೊತ್ತಾಗುತ್ತದೆ. ಆ ರಾತ್ರಿ ಕೆಲಸದಲ್ಲಿರುವ ಕ್ಯಾಪ್ಟನ್ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಇಡೀ ಸಂಜೆಯ ಅತ್ಯಂತ ಉಪಯುಕ್ತ ಮಾಹಿತಿ ಅದು.

ಅಲರ್ಜಿಯ ವಿಷಯವನ್ನು ಮಾತ್ರ ಯಾವ ಟಿಪ್ಪಣಿಗೂ ನಂಬಿ ಬಿಡಬಾರದು. ಬುಕಿಂಗಿನಲ್ಲಿ ಹೇಳಿದ್ದರೂ ಆರ್ಡರ್ ಕೊಡುವಾಗ ಮತ್ತೆ, ಯಾರಿಗೆ ಎಂದು ತೋರಿಸಿ ಹೇಳಬೇಕು. ಯುರೋಪಿಯನ್ ಒಕ್ಕೂಟದಲ್ಲಿ 14 ಅಲರ್ಜಿಕಾರಕಗಳ ಬಗ್ಗೆ ಗ್ರಾಹಕರಿಗೆ ಮಾಹಿತಿ ಕೊಡಲೇಬೇಕೆಂದು ಕಾನೂನೇ ಇದೆ. ಅಲ್ಲೂ ಕೊನೆಯ ಕಾವಲು ಆರ್ಡರ್ ಬರೆದುಕೊಳ್ಳುವ ಆ ಒಂದು ನಿಮಿಷವೇ. ಅಲರ್ಜಿ ಎಂದರೆ ಅಡುಗೆಮನೆ ಬೇರೆ ಹಲಗೆ, ಬೇರೆ ಬಾಣಲೆ, ಬೇರೆ ಸೌಟು ತೆಗೆಯಬೇಕು, ಕೈ ತೊಳೆದು ಶುರುಮಾಡಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಬರೀ ಇಷ್ಟವಿಲ್ಲದ ಪದಾರ್ಥವನ್ನು ಅಲರ್ಜಿ ಎಂದು ಹೇಳುವವರು ತಮ್ಮ ಟೇಬಲ್ಲಿನ ಊಟವನ್ನೇ ತಡಮಾಡಿಕೊಳ್ಳುತ್ತಾರೆ, ಜೊತೆಗೆ ನಿಜವಾಗಿ ಅಲರ್ಜಿ ಇರುವವರ ಮಾತಿನ ತೂಕವನ್ನೂ ಇಳಿಸುತ್ತಾರೆ.

ಇನ್ನು ತಡದ ವಿಚಾರ. ಸಂಭ್ರಮದ ಊಟಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಇದರಷ್ಟು ದೊಡ್ಡದು ಇನ್ನೊಂದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಒಂದಾದ ಮೇಲೊಂದು ಕೋರ್ಸ್ ಬರುವ ಪದ್ಧತಿ ತೀರ ಹಳೆಯದೇನಲ್ಲ. ಯುರೋಪಿನ ದೊಡ್ಡ ಔತಣಗಳಲ್ಲಿ ಮೊದಲು ಹತ್ತಾರು ಭಕ್ಷ್ಯಗಳನ್ನು ಒಟ್ಟಿಗೇ ಮೇಜಿನ ಮೇಲೆ ಇಟ್ಟುಬಿಡುತ್ತಿದ್ದರು, ಅದಕ್ಕೆ ಫ್ರೆಂಚ್ ಪದ್ಧತಿ ಎಂದು ಹೆಸರು. ನೋಡಲು ವೈಭವ, ತಿನ್ನುವ ಹೊತ್ತಿಗೆ ತಣ್ಣಗೆ. 19ನೇ ಶತಮಾನದಲ್ಲಿ ರಷ್ಯನ್ ಪದ್ಧತಿ ಅದರ ಜಾಗಕ್ಕೆ ಬಂತು: ಒಂದೊಂದೇ ಖಾದ್ಯ, ಒಬ್ಬೊಬ್ಬರಿಗೂ, ಬಿಸಿಯಾಗಿ. ಊಟದ ರುಚಿ ಹೆಚ್ಚಿತು. ಆದರೆ ಹೊತ್ತು ಊಟ ಮಾಡುವವರ ಕೈ ತಪ್ಪಿ ಅಡುಗೆಮನೆಯ ಕೈಗೆ ಹೋಯಿತು. 1890ರಲ್ಲಿ ಲಂಡನ್ನಿನ ಸೆವಾಯ್ ಹೋಟೆಲಿನ ಅಡುಗೆಮನೆ ವಹಿಸಿಕೊಂಡ ಆಗುಸ್ತ್ ಎಸ್ಕೊಫಿಯೆ ಅಡುಗೆಯವರನ್ನು ವಿಭಾಗಗಳಾಗಿ ಹಂಚಿ ಕೆಲಸ ನಡೆಸಿದ ಕ್ರಮವೇ ಇವತ್ತಿಗೂ ದೊಡ್ಡ ಅಡುಗೆಮನೆಗಳ ಬೆನ್ನೆಲುಬು. ಸಾಸ್ ಒಬ್ಬರದು, ಮಾಂಸ ಇನ್ನೊಬ್ಬರದು, ತರಕಾರಿ ಮತ್ತೊಬ್ಬರದು. ನಿಮ್ಮ ತಟ್ಟೆಯ ಮೇಲಿನದು ಮೂರು ಕಡೆ ಬೇಯುತ್ತದೆ, 'ಪಾಸ್' ಎಂದು ಕರೆಯುವ ಕಟ್ಟೆಯ ಮೇಲೆ ಒಂದಾಗುತ್ತದೆ, ಅಲ್ಲಿಂದ ಹೊರಗೆ ಬರುತ್ತದೆ.

ಇಬ್ಬರ ಟೇಬಲ್ಲಿಗೆ ಇದು ತೊಂದರೆ ಕೊಡುವುದಿಲ್ಲ. 12 ಜನರ ಟೇಬಲ್ ಬೇರೆಯೇ ಲೆಕ್ಕ. ನಾಲ್ಕು ಕೋರ್ಸ್ ಎಂದರೆ 48 ತಟ್ಟೆ. 12 ಮೇನ್ ಕೋರ್ಸ್‌ಗಳೂ ಒಂದೇ ಹೊತ್ತಿಗೆ ಪಾಸಿಗೆ ಬರಬೇಕು. ಪೂರ್ತಿ ಬೇಯಿಸಿದ ದಪ್ಪ ಮಾಂಸದ ತುಂಡಿಗೆ 20 ನಿಮಿಷ ಬೇಕು, ಮೀನಿನ ತುಂಡಿಗೆ ಏಳೆಂಟು ಸಾಕು. ಮೆನುವಿನಿಂದ ಎಂಟು ಬಗೆ ಆರಿಸಿದರೆ ಎಂಟು ಗಡಿಯಾರ ಓಡುತ್ತವೆ, ಒಂದು ಹಿಂದೆ ಬಿದ್ದರೂ ಉಳಿದ 11 ತಟ್ಟೆ ಬಿಸಿ ದೀಪದ ಕೆಳಗೆ ಒಣಗುತ್ತಾ ಕೂರುತ್ತವೆ. ಹೊರಗೆ ತರುವವರು ಒಬ್ಬೊಬ್ಬರು ಮೂರು ತಟ್ಟೆ ಹಿಡಿಯಬಲ್ಲರು. ನಾಲ್ಕು ಜನ ಒಟ್ಟಿಗೆ ಬಂದರೆ ಒಂದೇ ಸುತ್ತು. ಇಬ್ಬರೇ ಇದ್ದರೆ ಎರಡು ಸುತ್ತು. ಎರಡನೇ ಸುತ್ತು ಬರುವವರೆಗೆ ಮೊದಲ ಆರು ಜನ ಸಭ್ಯತೆಯಿಂದ ಕಾಯುತ್ತಾರೆ, ಅವರ ಊಟ ಆರುತ್ತದೆ. ದುಬಾರಿ ಜಾಗದಲ್ಲೂ ಊಟ ತಣ್ಣಗಿತ್ತು ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಈ ಲೆಕ್ಕವೇ. ಅಡುಗೆಯವರಿಗೆ ಕೈರುಚಿ ಇಲ್ಲದ್ದಲ್ಲ, ಆ ರಾತ್ರಿ ನಾಲ್ಕು ಕೈ ಬೇಕಾದಲ್ಲಿ ಎರಡು ಇದ್ದವು.

ಹೀಗಾಗಿ ಎಂಟಕ್ಕಿಂತ ಹೆಚ್ಚು ಜನರಿದ್ದರೆ ಮೊದಲೇ ನಿಗದಿ ಮಾಡಿದ ಮೆನು ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೇನ್ ಕೋರ್ಸ್‌ಗೆ ಮೂರು ಆಯ್ಕೆ ಸಾಕು. ಯಾರಿಗೆ ಯಾವುದು ಎಂಬುದನ್ನು ಹಿಂದಿನ ದಿನವೇ ಬರೆದು ಕಳಿಸಿದರೆ ಇನ್ನೂ ಒಳ್ಳೆಯದು. ಆಯ್ಕೆಯ ಸಂತೋಷ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆದರೆ ಆರ್ಡರ್ ಬರೆದುಕೊಳ್ಳಲು ಹಿಡಿಯುವ 20 ನಿಮಿಷ ಉಳಿಯುತ್ತದೆ, ಊಟ ಒಟ್ಟಿಗೆ ಬರುತ್ತದೆ.

ತಟ್ಟೆ ಹಿಡಿದು ಬಂದವರು "ಮೀನು ಯಾರಿಗೆ?" ಎಂದು ಹರಾಜು ಕೂಗುವ ಹಾಗೆ ಕೇಳುವುದು ಇನ್ನೊಂದು ಸಾಮಾನ್ಯ ನಿರಾಸೆ. ಒಳ್ಳೆಯ ಜಾಗದಲ್ಲಿ ಪ್ರತಿ ಕುರ್ಚಿಗೂ ಸಂಖ್ಯೆ ಇರುತ್ತದೆ. ಒಂದು ಗೊತ್ತಾದ ಕುರ್ಚಿಯಿಂದ ಶುರುವಾಗಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಣಿಕೆ. ಸರ್ವರ್ ಆರ್ಡರನ್ನು ಆ ಸಂಖ್ಯೆಯೊಂದಿಗೆ ಕೆಒಟಿಯಲ್ಲಿ, ಅಂದರೆ ಅಡುಗೆಮನೆಗೆ ಹೋಗುವ ಚೀಟಿಯಲ್ಲಿ ಹಾಕುತ್ತಾರೆ. ಸಂಖ್ಯೆ ಹಾಕದಿದ್ದರೆ ಅದು ಅವರ ತಪ್ಪು. ಆದರೆ ಆರ್ಡರ್ ಕೊಟ್ಟ ಮೇಲೆ ಫೋಟೊಗೆಂದು ಎದ್ದವರು ಜಾಗ ಬದಲಿಸಿ ಕೂತರೆ ಸಂಖ್ಯೆ ಇದ್ದೂ ಉಪಯೋಗವಿಲ್ಲ. ಬದಲಿಸಿದ್ದರೆ ಸರ್ವರ್‌ಗೆ ಒಂದು ಮಾತು ತಿಳಿಸಿ. ಅಲರ್ಜಿ ಇರುವವರು ಜಾಗ ಬದಲಿಸಲೇ ಬಾರದು.

ಕಾಯುವುದಕ್ಕೆ ಒಂದು ಮಿತಿ ಇದೆ, ಅದು ಗೊತ್ತಿದ್ದರೆ ಯಾವಾಗ ಕೇಳಬೇಕು ಎಂಬುದೂ ಗೊತ್ತಾಗುತ್ತದೆ. ಕೂತ ಒಂದೆರಡು ನಿಮಿಷದಲ್ಲಿ ಯಾರಾದರೂ ಬಂದು ಮಾತಾಡಿಸಬೇಕು. ಕುಡಿಯಲು ಕೇಳಿದ್ದು ಎಂಟು ಹತ್ತು ನಿಮಿಷದಲ್ಲಿ ಬರಬೇಕು. ಆರ್ಡರ್ ಆದ 20 ನಿಮಿಷದಲ್ಲಿ ಸ್ಟಾರ್ಟರ್, ಸ್ಟಾರ್ಟರ್ ತಟ್ಟೆ ತೆಗೆದ 15–20 ನಿಮಿಷದಲ್ಲಿ ಮೇನ್ ಕೋರ್ಸ್. ದೊಡ್ಡ ಟೇಬಲ್ಲಿಗೆ ಇದರ ಮೇಲೆ ಐದು ಹತ್ತು ನಿಮಿಷ ಸೇರಿಸಬಹುದು. 30 ದಾಟಿತೆಂದರೆ ಏನೋ ಎಡವಟ್ಟಾಗಿದೆ: ಚೀಟಿ ಒಳಗೆ ಹೋಗಿಲ್ಲ, ಇಲ್ಲವೇ ಮುಂದಿನ ಕೋರ್ಸ್ ಶುರುಮಾಡಿ ಎಂದು ಸರ್ವರ್ ಅಡುಗೆಮನೆಗೆ ಹೇಳಿಲ್ಲ. ಹೀಗೆ ಶುರುಮಾಡಿ ಎಂದು ಹೇಳುವುದನ್ನು ಅಲ್ಲಿನವರು 'ಫೈರ್' ಮಾಡುವುದು ಎನ್ನುತ್ತಾರೆ. ಅಡುಗೆಮನೆ ತಾನಾಗಿ ಶುರುಮಾಡುವುದಿಲ್ಲ, ಹೊರಗಿನಿಂದ ಮಾತು ಬರಬೇಕು. ಮರೆತರೆ ಒಳಗಿನವರು ನೀವು ಇನ್ನೂ ಸ್ಟಾರ್ಟರ್ ತಿನ್ನುತ್ತಿದ್ದೀರಿ ಎಂದುಕೊಂಡಿರುತ್ತಾರೆ, ನೀವು ಒಳಗೆ ಬೇಯುತ್ತಿದೆ ಎಂದುಕೊಂಡಿರುತ್ತೀರಿ.

ಇಲ್ಲಿ ಅತಿಥಿಗಳ ಪಾಲೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಎಂಟು ಗಂಟೆಗೆ ಬುಕ್ ಮಾಡಿದ 12 ಜನ 40 ನಿಮಿಷದ ಅಂತರದಲ್ಲಿ ಇಬ್ಬಿಬ್ಬರಾಗಿ ಬಂದರೆ, ಅವರಿಗೆಂದು ಅಡುಗೆಮನೆ ಇಟ್ಟುಕೊಂಡಿದ್ದ ಹೊತ್ತು ಕಳೆದುಹೋಗಿ ಅವರ ಚೀಟಿ ರಾತ್ರಿಯ ಅತಿ ದಟ್ಟಣೆಯ ಗಳಿಗೆಯಲ್ಲಿ ಬೀಳುತ್ತದೆ. ಬಂಧುಗಳಿಗೆ 20 ನಿಮಿಷ ಮುಂಚಿನ ಸಮಯ ಹೇಳುವುದು ತಪ್ಪೇನಲ್ಲ. ತಡವಾಗುವವರಿದ್ದರೆ ಅವರಿಗಾಗಿ ಕಾಯದೆ, ಎಲ್ಲರೂ ಹಂಚಿಕೊಳ್ಳುವಂಥ ಎರಡು ಮೂರು ಸ್ಟಾರ್ಟರ್ ಕೂತ ಕೂಡಲೇ ಹೇಳಿಬಿಡಿ. ಇನ್ನೊಂದು, ಭಾಷಣ. ಮೇನ್ ಕೋರ್ಸ್ ಪಾಸಿನ ಮೇಲೆ ಬಂದ ಹೊತ್ತಿಗೇ ಚಿಕ್ಕಪ್ಪ ಗ್ಲಾಸ್ ಹಿಡಿದು ಎದ್ದು ನಿಲ್ಲುತ್ತಾರೆ, ಮಾತು ಹತ್ತು ನಿಮಿಷ ನಡೆಯುತ್ತದೆ, ಸರ್ವರ್‌ಗಳು ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿರುತ್ತಾರೆ. ಮಾತಾಡುವವರಿದ್ದರೆ ಸ್ಟಾರ್ಟರ್ ತಟ್ಟೆ ತೆಗೆದ ಕೂಡಲೇ ಮಾತಾಡಲಿ. ಕ್ಯಾಪ್ಟನ್‌ಗೆ 15 ನಿಮಿಷ ಮೊದಲು ತಿಳಿಸಿದರೆ ಅವರು ಅದಕ್ಕೆ ತಕ್ಕಂತೆ ಮೇನ್ ಕೋರ್ಸ್ ಫೈರ್ ಮಾಡಿಸುತ್ತಾರೆ.

ತಡ ಆದಾಗ ಒಂದು ಮಾತು ಹೇಳದೆ ಇರುವುದು ತಡಕ್ಕಿಂತ ದೊಡ್ಡ ತಪ್ಪು. ಕಾಯುವವರ ಮನಸ್ಸಿನ ಬಗ್ಗೆ 1985ರಲ್ಲಿ ನಿರ್ವಹಣಾ ತಜ್ಞ ಡೇವಿಡ್ ಮೈಸ್ಟರ್ ಬರೆದಿದ್ದು ರೆಸ್ಟೊರೆಂಟ್ ನಡೆಸುವವರೆಲ್ಲ ತಿಳಿದಿರಬೇಕಾದ ಸಂಗತಿ: ಕಾರಣ ತಿಳಿಯದ ಕಾಯುವಿಕೆ, ಎಷ್ಟು ಹೊತ್ತೆಂದು ತಿಳಿಯದ ಕಾಯುವಿಕೆ, ಕೈಯಲ್ಲಿ ಏನೂ ಇಲ್ಲದ ಕಾಯುವಿಕೆ ಇವೆಲ್ಲ ಗಡಿಯಾರ ತೋರಿಸುವುದಕ್ಕಿಂತ ಉದ್ದವಾಗಿ ಅನಿಸುತ್ತವೆ. "ಇನ್ನು 12 ನಿಮಿಷ ಆಗುತ್ತದೆ, ಒಂದು ಖಾದ್ಯವನ್ನು ಮತ್ತೆ ಮಾಡುತ್ತಿದ್ದಾರೆ" ಎಂದು ಹೇಳಿ ಬ್ರೆಡ್ ಬುಟ್ಟಿ ಇಟ್ಟು ಹೋದ ಸರ್ವರ್ ಮೂರನ್ನೂ ಒಟ್ಟಿಗೆ ಸರಿಪಡಿಸಿದ ಹಾಗೆ. "ಈಗ ಬರುತ್ತೆ" ಎಂದು ಮೂರು ಸಲ ಹೇಳಿದವರು ಮೂರು ಸಲ ಸುಳ್ಳು ಹೇಳಿದ ಹಾಗೆ.

ಸಂಭ್ರಮದ ಟೇಬಲ್ ನೋಡಿಕೊಳ್ಳುವವರು ಉತ್ತರಗಳನ್ನು ಕೇಳುವುದಕ್ಕಿಂತ ಟೇಬಲ್ಲನ್ನು ನೋಡುವುದು ಕಲಿಯಬೇಕು. ಊಟ ಇಟ್ಟ ಎರಡು ನಿಮಿಷಕ್ಕೆ, ಎರಡು ತುತ್ತು ಒಳಗೆ ಹೋದ ಮೇಲೆ ಬಂದು ವಿಚಾರಿಸುವ ರೂಢಿ ಎಲ್ಲ ಒಳ್ಳೆಯ ಜಾಗಗಳಲ್ಲೂ ಇದೆ. ಆದರೆ "ಎಲ್ಲ ಚೆನ್ನಾಗಿದೆಯಾ?" ಎಂಬ ಪ್ರಶ್ನೆಗೆ ಇಂಥ ಟೇಬಲ್ಲಿನಲ್ಲಿ ಒಂದೇ ಉತ್ತರ. "ಸೂಪ್ ಸಾಕಷ್ಟು ಬಿಸಿ ಇದೆಯಾ?", "ಮಾಂಸ ನೀವು ಕೇಳಿದ ಹದಕ್ಕೆ ಬೆಂದಿದೆಯಾ?" ಎಂದು ಕೇಳಿದರೆ ನಿಜ ಹೊರಬರುತ್ತದೆ, ಏಕೆಂದರೆ ಅದಕ್ಕೆ ಉತ್ತರಿಸುವುದು ದೂರು ಹೇಳಿದಂತೆ ಆಗುವುದಿಲ್ಲ. ಕಣ್ಣಿಗೆ ಬೀಳುವ ಗುರುತುಗಳೂ ಇವೆ: ತಟ್ಟೆಯನ್ನು ಒಂದು ಕಡೆ ಸರಿಸಿಟ್ಟವರು, ಮಡಿಲ ಬಟ್ಟೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟವರು, ಪಕ್ಕದವರ ತಟ್ಟೆಯಿಂದ ತಿನ್ನುತ್ತಿರುವವರು, ಅತಿಥೇಯರು ಪದೇ ಪದೇ ಅಡುಗೆಮನೆಯ ಬಾಗಿಲ ಕಡೆ ನೋಡುವುದು. ಇವುಗಳಲ್ಲಿ ಕೊನೆಯದು ಕಂಡರೆ ಕ್ಯಾಪ್ಟನ್ ಎಲ್ಲ ಕೆಲಸ ಬಿಟ್ಟು ಅಲ್ಲಿಗೆ ಹೋಗಬೇಕು.

ಅತಿಥಿಗಳ ಕಡೆಯಿಂದ ಈ ಮೌನ ಮುರಿಯಲು ಒಂದು ಉಪಾಯ ಇದೆ. ಮಾತಾಡುವ ಜವಾಬ್ದಾರಿಯನ್ನು ಒಬ್ಬರಿಗೆ ಮೊದಲೇ ವಹಿಸಿ. ಯಾರಿಗಾಗಿ ಊಟವೋ ಅವರೂ ಬೇಡ, ಊಟ ಕೊಡಿಸುವವರೂ ಬೇಡ. ತಮ್ಮನೋ, ಗೆಳತಿಯೋ, ಯಾರಾದರೂ ಸಮಾಧಾನಿ. ಅವರು ಟೇಬಲ್ಲಿನ ತುದಿಯಲ್ಲಿ, ಎದ್ದು ಹೋಗಲು ಸುಲಭವಾಗುವ ಕುರ್ಚಿಯಲ್ಲಿ ಕೂರಲಿ. ಒಳಗೆ ಬಂದ ಕೂಡಲೇ ಕ್ಯಾಪ್ಟನ್‌ಗೆ "ಏನಿದ್ದರೂ ನನ್ನನ್ನು ಕೇಳಿ" ಎಂದು ಪರಿಚಯ ಮಾಡಿಕೊಳ್ಳಲಿ. ಉಳಿದವರು ತೊಂದರೆಯನ್ನು ಅವರ ಕಿವಿಯಲ್ಲಿ ಹೇಳಿದರೆ ಸಾಕು. ಅವರು ಫೋನ್ ಬಂದವರ ಹಾಗೆ ಎದ್ದು ಹೋಗಿ, ಟೇಬಲ್ಲಿನಿಂದ ದೂರ ನಿಂತು ಮೂರು ಮಾತು ಹೇಳಲಿ: ಏನಾಗಿದೆ, ಎಷ್ಟು ಹೊತ್ತಾಗಿದೆ, ಏನು ಮಾಡಿದರೆ ಸರಿ. "ಟೇಬಲ್ 14. ಸ್ಟಾರ್ಟರ್ ತಟ್ಟೆ ತೆಗೆದು 35 ನಿಮಿಷ ಆಯಿತು. ಇನ್ನೆಷ್ಟು ಹೊತ್ತೆಂದು ಹೇಳಿ, ಅಲ್ಲಿಯವರೆಗೆ ಮಕ್ಕಳಿಗೆ ಏನಾದರೂ ಕೊಡಿ." ಇಷ್ಟು ನಿಖರವಾಗಿ ಹೇಳಿದರೆ ಕ್ಯಾಪ್ಟನ್ ಕೈಯಲ್ಲಿ ಮಾಡುವ ಕೆಲಸ ಇರುತ್ತದೆ. "ಸರ್ವಿಸ್ ತುಂಬಾ ಕೆಟ್ಟದಾಗಿದೆ" ಎಂದರೆ ಅವರು ಕ್ಷಮೆ ಕೇಳಬಹುದು, ಅಷ್ಟೇ.

ಒಂದು ತಟ್ಟೆ ವಾಪಸ್ ಕಳಿಸಬೇಕಾದರೆ ಎರಡು ಮೂರು ತುತ್ತಿನೊಳಗೆ ಕಳಿಸಿ. ಮುಕ್ಕಾಲು ತಿಂದ ಮೇಲೆ ಅಡುಗೆಮನೆಗೆ ಏನು ತಪ್ಪಾಯಿತೆಂದು ತಿಳಿಯುವ ದಾರಿಯೇ ಇಲ್ಲ. ಹೊಸ ತಟ್ಟೆಯನ್ನು ಸಾಲು ಬಿಟ್ಟು ಮೊದಲು ಮಾಡಿಸಿ ಎಂದು ಕೇಳುವುದು ನ್ಯಾಯವೇ. ಖಾದ್ಯ ನೋಡಿಕೊಂಡು ಎಂಟು ಹತ್ತು ನಿಮಿಷದಲ್ಲಿ ಬರುತ್ತದೆ. ಆ ಹೊತ್ತಿನಲ್ಲಿ ಒಬ್ಬರು ಬರಿಗೈಯಲ್ಲಿ ಕೂತು ಉಳಿದವರು ತಿನ್ನಲೂ ಆಗದೆ ಬಿಡಲೂ ಆಗದೆ ಇರುವುದು ಬೇಡ. ಹಂಚಿಕೊಳ್ಳುವಂಥ ಒಂದು ಸಣ್ಣ ತಟ್ಟೆ ತರಿಸಿಕೊಳ್ಳಿ.

ಕೇಕ್ ಬಗ್ಗೆ ಬೇರೆಯಾಗಿ ಹೇಳಬೇಕು, ಏಕೆಂದರೆ ಅದು ಊಟದ ಅತಿ ಚಿಕ್ಕ ಭಾಗ, ಆದರೆ ನಿರಾಸೆಯ ದೊಡ್ಡ ಮೂಲ. ನೀವು ತಂದುಕೊಟ್ಟ ಕೇಕ್ ಫ್ರಿಜ್ ಸೇರುತ್ತದೆ. ಬೆಣ್ಣೆ ಕ್ರೀಮಿನ ಕೇಕ್ ಆಗಿದ್ದರೆ ಕತ್ತರಿಸುವ ಮುನ್ನ 45 ನಿಮಿಷದಿಂದ ಒಂದು ಗಂಟೆ ಹೊರಗಿರಬೇಕು, ಇಲ್ಲದಿದ್ದರೆ ಕಲ್ಲಿನ ಹಾಗೆ ಬಿಗಿದಿರುತ್ತದೆ, ರುಚಿಯೂ ಹೊಮ್ಮುವುದಿಲ್ಲ. ಹಾಲಿನ ಕೆನೆ ಕಡೆದು ಹಚ್ಚಿದ್ದಾದರೆ ತದ್ವಿರುದ್ಧ, ಹತ್ತು ನಿಮಿಷ ಮುಂಚೆ ತೆಗೆದರೆ ಸಾಕು, ಹೆಚ್ಚು ಹೊತ್ತಾದರೆ ಇಳಿದುಹೋಗುತ್ತದೆ. ಇದು ಅಡುಗೆಮನೆಗೆ ಗೊತ್ತಿರುತ್ತದೆ, ಆದರೆ ಡಬ್ಬಿಯೊಳಗೆ ಯಾವ ಕೇಕ್ ಇದೆ ಎಂದು ಗೊತ್ತಿರುವುದಿಲ್ಲ. ಡಬ್ಬಿಯ ಮೇಲೆ ಚೀಟಿ ಅಂಟಿಸಿ: ಟೇಬಲ್ ಸಂಖ್ಯೆ, ಬುಕಿಂಗ್ ಹೆಸರು, ಎಷ್ಟು ಹೊತ್ತಿಗೆ ಹೊರಗೆ ತೆಗೆಯಬೇಕು, ಮೇಣದಬತ್ತಿ ಎಷ್ಟು, ಬೀಜಗಳಿವೆಯೇ ಇಲ್ಲವೇ. ರೆಸ್ಟೊರೆಂಟೇ ತಟ್ಟೆಯ ಮೇಲೆ ಹೆಸರು ಬರೆಯುವುದಾದರೆ ಹೆಸರನ್ನು ಕಾಗದದಲ್ಲಿ ಬರೆದು ಕೊಡಿ, ಫೋನಿನಲ್ಲಿ ಹೇಳಬೇಡಿ. ಫೋನಿನಲ್ಲಿ ಕೇಳಿ ಬರೆದ ಹೆಸರು ತಪ್ಪುವುದು ಮಾಮೂಲು, ಮತ್ತು ತಪ್ಪು ಹೆಸರಿನ ತಟ್ಟೆಯ ಫೋಟೊ ವರ್ಷಗಟ್ಟಲೆ ಮನೆಯಲ್ಲಿ ಉಳಿಯುತ್ತದೆ. ಯಾವಾಗ ತರಬೇಕು ಎಂಬುದನ್ನು ಗಂಟೆಯಲ್ಲಿ ಹೇಳುವುದಕ್ಕಿಂತ ಗುರುತಿನಲ್ಲಿ ಹೇಳಿ: "ಮೇನ್ ಕೋರ್ಸ್ ತಟ್ಟೆಗಳನ್ನೆಲ್ಲ ತೆಗೆದು, ಮೇಜು ಒರೆಸಿದ ಮೇಲೆ, ನಾನು ತಲೆಯಾಡಿಸಿದಾಗ." ಸಿಬ್ಬಂದಿ ಸುತ್ತ ನಿಂತು ಹಾಡುವುದು ಬೇಕೋ ಬೇಡವೋ ಎಂಬುದನ್ನೂ ತಿಳಿಸಿ. ಅಪರಿಚಿತರ ಮುಂದೆ ಹಾಡಿಸಿಕೊಳ್ಳುವುದು ಕೆಲವರಿಗೆ ನಿಜವಾದ ಹಿಂಸೆ. ಹೊರಗಿನ ಕೇಕ್ ಕತ್ತರಿಸಿ ಬಡಿಸಲು ಶುಲ್ಕ ಇದೆಯೇ ಎಂಬುದು ಬುಕಿಂಗ್ ದಿನವೇ ಕೇಳಬೇಕಾದ ಪ್ರಶ್ನೆ.

ಶುಭ ಕೋರಲು ಗುಳ್ಳೆ ಏಳುವ ಪಾನೀಯ ಇಟ್ಟುಕೊಂಡಿದ್ದರೆ, ಮದ್ಯವಿರಲಿ ಇಲ್ಲದಿರಲಿ, ಬಂದ ಕೂಡಲೇ ಹೇಳಿ. ಅರ್ಧ ಐಸ್ ಅರ್ಧ ನೀರು ಇರುವ ಬಕೆಟ್ಟಿನಲ್ಲಿ ಬಾಟಲಿ ತಣ್ಣಗಾಗಲು 20–30 ನಿಮಿಷ ಬೇಕು. ಬರೀ ಐಸ್ ಹಾಕಿದರೆ ಇನ್ನೂ ಹೆಚ್ಚು, ಏಕೆಂದರೆ ಗಾಜಿಗೆ ತಾಗುವುದು ಐಸಿಗಿಂತ ಗಾಳಿಯೇ ಜಾಸ್ತಿ. 750 ಮಿಲಿಲೀಟರ್ ಬಾಟಲಿಯಲ್ಲಿ 125 ಮಿಲಿಲೀಟರಿನ ಆರು ಗ್ಲಾಸ್ ಬರುತ್ತದೆ. 12 ಜನರಿಗೆ ಎರಡು ಬಾಟಲಿ ಎಂದರೆ ಒಂದು ಹನಿಯೂ ಮಿಗುವುದಿಲ್ಲ.

ಬಿಲ್ಲಿನ ಗಳಿಗೆಯನ್ನು ರೆಸ್ಟೊರೆಂಟುಗಳು ಹಗುರವಾಗಿ ತೆಗೆದುಕೊಳ್ಳುತ್ತವೆ. ಅದು ದೊಡ್ಡ ತಪ್ಪು. 1993ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನ 14 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಟ್ಟರು. ಇನ್ನೊಂದು ಸಲ ಅದೇ 60 ಸೆಕೆಂಡಿನ ಜೊತೆಗೆ ನೀರು ನಿಧಾನವಾಗಿ 15 ಡಿಗ್ರಿಗೆ ಏರುವ ಇನ್ನೂ 30 ಸೆಕೆಂಡ್ ಇಟ್ಟರು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದಾಗ ಹೆಚ್ಚಿನವರು ಉದ್ದನೆಯದನ್ನೇ ಆರಿಸಿದರು. ನೆನಪು ಒಟ್ಟು ಹೊತ್ತನ್ನು ಎಣಿಸುವುದಿಲ್ಲ, ಕೊನೆ ಹೇಗಿತ್ತು ಎಂಬುದಕ್ಕೆ ಹೆಚ್ಚು ತೂಕ ಕೊಡುತ್ತದೆ. ಮೂರು ಗಂಟೆಯ ಒಳ್ಳೆಯ ಊಟದ ಕೊನೆಗೆ ಬಿಲ್ಲಿಗಾಗಿ 25 ನಿಮಿಷ ಕಾದು, ಅದರಲ್ಲಿ ಕುಡಿಯದ ಎರಡು ಪಾನೀಯ ಸೇರಿದ್ದು ಕಂಡು, ಎಲ್ಲರೂ ಕೋಟು ಹಾಕಿ ನಿಂತಿರುವಾಗ ತಿದ್ದಿಸುವುದು ಇಡೀ ಸಂಜೆಯ ಬಣ್ಣವನ್ನೇ ಬದಲಿಸುತ್ತದೆ. ಕೊಡುವವರು ಕಾರ್ಡನ್ನು ಬಂದ ಕೂಡಲೇ ಕೌಂಟರಿನಲ್ಲಿ ತೋರಿಸಿ, ಬಿಲ್ ಟೇಬಲ್ಲಿಗೆ ಬರಬಾರದು ಎಂದು ಹೇಳಿಬಿಡುವುದು ಒಳ್ಳೆಯದು. ಡೆಸರ್ಟ್ ಬಂದಾಗ ಎದ್ದು ಹೋಗಿ ನಿಧಾನವಾಗಿ ಸಾಲು ಸಾಲು ಓದಲಿ. ದೊಡ್ಡ ಟೇಬಲ್ಲಿಗೆ ಸೇವಾ ಶುಲ್ಕವನ್ನು ತಾವೇ ಸೇರಿಸುವ ಜಾಗಗಳಿವೆ. ಸೇರಿದೆಯೇ ಎಂದು ನೋಡದೆ ಮೇಲೆ ಟಿಪ್ಸ್ ಕೊಟ್ಟರೆ ಎರಡು ಸಲ ಕೊಟ್ಟ ಹಾಗೆ. ಬೇರೆ ಬೇರೆ ಬಿಲ್ ಬೇಕಿದ್ದರೆ ಆರ್ಡರಿಗೆ ಮುಂಚೆ ಹೇಳಿ.

ಸಂಜೆ ಕೆಟ್ಟೇಹೋಯಿತು ಎನ್ನಿ. ಆಗ ರೆಸ್ಟೊರೆಂಟ್ ಮಾಡುವ ಕೆಟ್ಟ ತಪ್ಪೆಂದರೆ ಮ್ಯಾನೇಜರ್ ಟೇಬಲ್ಲಿಗೆ ಬಂದು ಎಲ್ಲರ ಮುಂದೆ ಕ್ಷಮೆ ಕೇಳುವುದು. ಉದ್ದೇಶ ಒಳ್ಳೆಯದೇ. ಆದರೆ ಅಲ್ಲಿಯವರೆಗೆ ಏನೂ ಗೊತ್ತಾಗದೆ ಖುಷಿಯಾಗಿದ್ದ ಅಮ್ಮನಿಗೆ ಊಟ ಕೆಟ್ಟಿತ್ತೆಂದು ತಿಳಿಯುವುದು ಆ ಕ್ಷಮೆಯಿಂದಲೇ. ಕ್ಷಮೆ ಕೇಳಬೇಕಾದದ್ದು ಅತಿಥೇಯರನ್ನು, ಪಕ್ಕಕ್ಕೆ ಕರೆದು. ಎರಡನೇ ತಪ್ಪು, ಮುಂದಿನ ಸಲ ಬನ್ನಿ ಎಂದು ಕೂಪನ್ ಕೊಡುವುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅದು. ಹುಟ್ಟುಹಬ್ಬ ಮುಂದಿನ ವಾರ ಇನ್ನೊಮ್ಮೆ ಬರುವುದಿಲ್ಲ, ಬಂದರೂ ಆ ಬಾಗಿಲಿಗೆ ಹೋಗುವ ಮನಸ್ಸಿರುವುದಿಲ್ಲ. ಅದೇ ರಾತ್ರಿ, ಅದೇ ಬಿಲ್ಲಿನಲ್ಲಿ, ಯಾವ ಖಾದ್ಯಕ್ಕೆ ಯಾಕೆ ಎಂದು ಹೇಳಿ ಇಳಿಸುವುದೇ ಮರ್ಯಾದೆ. ಕೆಟ್ಟದ್ದನ್ನು ಚೆನ್ನಾಗಿ ಸರಿಪಡಿಸಿದರೆ ಗ್ರಾಹಕ ಮೊದಲಿಗಿಂತ ಹೆಚ್ಚು ಮೆಚ್ಚುತ್ತಾನೆ ಎಂಬ ವಾದ ದಶಕಗಳಿಂದ ಈ ಉದ್ಯಮದಲ್ಲಿ ಓಡಾಡುತ್ತಿದೆ. ಮಾಮೂಲಿ ಊಟದಲ್ಲಿ ಅದು ನಿಜವಾಗಬಹುದು. ಕಳೆದುಹೋದ ತಾರೀಖಿಗೆ ಅದು ಅನ್ವಯಿಸುವುದಿಲ್ಲ ಎಂದೇ ನಾನು ತಿಳಿದಿದ್ದೇನೆ.

ಜಾಗ ಆರಿಸುವಾಗಲೇ ಒಂದು ವಿಷಯ ನೆನಪಿರಲಿ. ರೆಸ್ಟೊರೆಂಟುಗಳಿಗೆ ದರ್ಜೆ ಕೊಡುವ ಮಿಶೆಲಿನ್ ಗೈಡ್ ನಕ್ಷತ್ರ ಕೊಡುವುದು ತಟ್ಟೆಯ ಮೇಲಿರುವುದಕ್ಕೆ: ಪದಾರ್ಥದ ಗುಣ, ಅಡುಗೆಯ ಕೌಶಲ, ರುಚಿಗಳ ಹೊಂದಾಣಿಕೆ, ಬಾಣಸಿಗರ ಛಾಪು, ಎಲ್ಲ ದಿನವೂ ಒಂದೇ ಮಟ್ಟ. ಸೇವೆಯಾಗಲಿ ಅಲಂಕಾರವಾಗಲಿ ಅದರಲ್ಲಿ ಲೆಕ್ಕಕ್ಕಿಲ್ಲ. ಇಬ್ಬರಿಗೆ ಅದ್ಭುತವಾಗಿ ಉಣಿಸುವ ಅಡುಗೆಮನೆ 12 ಜನರನ್ನು ನಿಭಾಯಿಸಬಲ್ಲದೇ ಎಂಬುದು ಬೇರೆ ಪ್ರಶ್ನೆ. ವಿಮರ್ಶೆ ಓದುವುದಾದರೆ ಗುಂಪಾಗಿ ಹೋದವರು ಬರೆದದ್ದನ್ನು ಹುಡುಕಿ ಓದಿ. ಪ್ರೇಮಿಗಳ ದಿನ, ಹೊಸ ವರ್ಷದ ಹಿಂದಿನ ರಾತ್ರಿ ಇಂಥ ದಿನಗಳಲ್ಲಿ ಹೆಚ್ಚುವರಿ ಟೇಬಲ್ ಹಾಕಿ ತಾತ್ಕಾಲಿಕ ಸಿಬ್ಬಂದಿ ತರಿಸುವ ಜಾಗಗಳು ಬಹಳ. ದಿನ ಬದಲಿಸಲು ಆಗುವಂತಿದ್ದರೆ ಒಂದು ದಿನ ಆಚೀಚೆ ಮಾಡಿ, ಆಗದಿದ್ದರೆ ಸಂಜೆಯ ಮೊದಲ ಹೊತ್ತಿಗೇ ಬುಕ್ ಮಾಡಿ.

ದೂರು ಬರೆಯುವುದಾದರೆ ಮರುದಿನ ಬರೆಯಿರಿ, ಅದೇ ರಾತ್ರಿ ಬೇಡ. ಎರಡು ದಿನ ದಾಟಿಸಲೂ ಬೇಡ, ಅಷ್ಟರಲ್ಲಿ ಅಲ್ಲಿನವರಿಗೂ ಮರೆತಿರುತ್ತದೆ. ಸಾರ್ವಜನಿಕ ವಿಮರ್ಶೆಗೆ ಮೊದಲು ಮ್ಯಾನೇಜರ್ ಹೆಸರಿಗೆ ನೇರವಾಗಿ ಕಳಿಸಿ. ಒಂದು ಪುಟಕ್ಕಿಂತ ಹೆಚ್ಚು ಬೇಡ. ತಾರೀಖು, ಟೇಬಲ್ ಸಂಖ್ಯೆ, ಬಿಲ್ ಸಂಖ್ಯೆ, ಎಷ್ಟು ಜನ, ಬುಕಿಂಗಿನಲ್ಲಿ ಏನು ಹೇಳಿದ್ದಿರಿ, ಅದರಲ್ಲಿ ಏನು ಆಗಲಿಲ್ಲ, ಯಾರಿಗೆ ಯಾವಾಗ ತಿಳಿಸಿದಿರಿ, ಅವರು ಏನು ಮಾಡಿದರು, ಈಗ ನಿಮಗೆ ಏನು ಬೇಕು. ಸಮಯಗಳನ್ನು ಬರೆಯುವುದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಪ್ರತಿ ಕೆಒಟಿಯ ಮೇಲೂ ಅದು ಅಚ್ಚಾದ ಗಂಟೆ ನಿಮಿಷ ಇರುತ್ತದೆ, ಬಿಲ್ ಮುದ್ರಿಸಿದ ಹೊತ್ತೂ ಯಂತ್ರದಲ್ಲಿ ಉಳಿದಿರುತ್ತದೆ. "8:20ಕ್ಕೆ ಆರ್ಡರ್ ಕೊಟ್ಟೆವು, ಮೇನ್ ಕೋರ್ಸ್ 9:45ಕ್ಕೆ ಬಂತು" ಎಂದು ನೀವು ಬರೆದರೆ ಮ್ಯಾನೇಜರ್ ಹತ್ತು ನಿಮಿಷದಲ್ಲಿ ಚೀಟಿ ತೆಗೆಸಿ ನೋಡಬಹುದು: ಆರ್ಡರ್ 8:20ಕ್ಕೇ ಒಳಗೆ ಹೋಗಿತ್ತೇ, ಇಲ್ಲ ಸರ್ವರ್ ಜೇಬಿನಲ್ಲೇ ಉಳಿದು 8:50ಕ್ಕೆ ಹೋಯಿತೇ. ಬಂದ ಉತ್ತರದಲ್ಲಿ ಆ ಸಮಯಗಳ ಪ್ರಸ್ತಾಪ ಇದ್ದರೆ ಯಾರೋ ನಿಜವಾಗಿ ಕೂತು ಚೀಟಿಗಳನ್ನು ನೋಡಿದ್ದಾರೆ. ಬರೀ "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂದಿದ್ದರೆ ಅದೇ ಸಮಯಗಳನ್ನು ಮತ್ತೆ ಬರೆದು, ಕೆಒಟಿಯಲ್ಲಿ ಏನಿದೆ ಎಂದು ಒಂದೇ ಸಾಲಿನಲ್ಲಿ ಕೇಳಿ.